ಹಗ್ಗ ಕಟ್ಟಿದ ಬಾಗಿಲು

ನೇತ್ರಾವತಿಯ ದಡದಲ್ಲಿ ಜೋಕಿಂ ಮೇಸ್ತ್ರಿಯ ಗ್ಯಾರೇಜು. ಹಳೇ ಕಾರುಗಳಿಗೆ ಮಾತ್ರ ಅಲ್ಲಿ ಜಾಗ.

ಮೇಸ್ತ್ರಿಯ ಸ್ವಂತ ಬಿಳಿ ಕಾರೂ ಅಲ್ಲೇ ನಿಂತಿರುತ್ತಿತ್ತು. ಅದರ ಎಡಬಾಗಿಲು ಮುಚ್ಚುತ್ತಿರಲಿಲ್ಲ. ಮೂವತ್ತು ವರ್ಷದಿಂದ ತೆಂಗಿನ ಹಗ್ಗದಲ್ಲಿ ಬಿಗಿದು ಕಟ್ಟುವುದೇ ರೂಢಿ.

"ಊರಿಗೆಲ್ಲ ರಿಪೇರಿ, ಮೇಸ್ತ್ರಿ ಕಾರಿಗೆ ಹಗ್ಗ" ಎಂದು ಗಿರಾಕಿಗಳು ನಗುತ್ತಿದ್ದರು. ಶಿಷ್ಯ ಉಮಾನಾಥನೂ ಒಳಗೊಳಗೇ ನಗುತ್ತಿದ್ದ. ಗುರುವಿಗೆ ಸೋಮಾರಿತನ, ಇನ್ನೇನು?

ಒಮ್ಮೆ ಸುಮತಿ ಟೀಚರ್ ತಂದೆಯ ಕಾಲದ ಕಾರು ತಂದರು. ಮೇಲಿನ ಬಟ್ಟೆಯ ಮಾಡನ್ನು ಮಡಚಿ ತೆರೆದಿಡುವ ಕಾರು. ಹೊಂಡ ಬಂದರೆ ಇಡೀ ಮೈ ಗಡಗಡ ನಡುಗುತ್ತಿತ್ತು.

"ಇದು ಕೊನೇ ಸಲ. ಸರಿಯಾಗದಿದ್ದರೆ ಗುಜರಿಗೆ ಕೊಡುವುದೇ" ಎಂದರು. ಹೇಳುವಾಗ ಅವರ ಕಣ್ಣು ತುಂಬಿತ್ತು.

"ಗಟ್ಟಿ ಸ್ಪ್ರಿಂಗ್ ಹಾಕುವ" ಎಂದ ಉಮಾನಾಥ.

"ನಡುಗುವುದು ಬೆನ್ನು. ಕಾಲಿಗೆ ಯಾಕೆ ಶಿಕ್ಷೆ?" ಎಂದರು ಮೇಸ್ತ್ರಿ. "ಮೊದಲು ಅಡಿಯ ಚೌಕಟ್ಟು, ಈ ಚಾಸಿ, ಗಟ್ಟಿಯಾಗಲಿ. ಆಮೇಲೆ ಸ್ಪ್ರಿಂಗ್ ಮೆತ್ತಗಿದ್ದರೂ ಸಾಕು. ಈ ಕಾರು ನಿನ್ನದು. ನಾನು ಕೈ ಹಾಕುವುದಿಲ್ಲ."

ಏಳು ವರ್ಷ ಕಲಿತ ಮೇಲೆ ಉಮಾನಾಥನ ಕೈಗೆ ಪೂರ್ತಿಯಾಗಿ ಬಂದ ಮೊದಲ ಕಾರು ಅದು. ಮೇಸ್ತ್ರಿ ಅಕ್ಕನ ಮನೆಗೆ ಹೋದರು.

ಉಮಾನಾಥ ಬಾಗಿಲುಗಳನ್ನು ಕಳಚಿದ. ಕಾರನ್ನು ಕುದುರೆ ಎನ್ನುವ ಕಬ್ಬಿಣದ ಗಿಡ್ಡ ಸ್ಟ್ಯಾಂಡುಗಳ ಮೇಲೆ ಏರಿಸಿದ. ಚಾಸಿಯ ಉದ್ದಕ್ಕೂ ಉಕ್ಕಿನ ಪಟ್ಟಿ ಬೆಸೆದ. ಬೆಸುಗೆ ಎಂದರೆ ಬೆಸುಗೆ! ಮಲ್ಲಿಗೆ ದಂಡೆ ಕಟ್ಟಿದ ಹಾಗೆ ಎಲ್ಲವೂ ಒಂದೇ ಅಳತೆ.

ಎಂಟನೇ ದಿನ ಮೇಸ್ತ್ರಿ ಬಂದರು. ಬೆಸುಗೆಯ ಮೇಲೆ ಬೆರಳಾಡಿಸಿದರು.

"ಚೆಂದ ಉಂಟು. ಬಾಗಿಲು ಹಾಕು, ನೋಡುವ."

ಉಮಾನಾಥ ಬಾಗಿಲು ಕೂರಿಸಿ ನೂಕಿದ. ಮುಚ್ಚಲಿಲ್ಲ. ಮತ್ತೊಮ್ಮೆ ನೂಕಿದ. ಮೇಲಿನ ಮೂಲೆ ಠಪ್ಪೆಂದು ಬಡಿಯಿತು.

"ಬೆಸೆಯುವಾಗ ಕುದುರೆ ಎಲ್ಲೆಲ್ಲಿ ಇಟ್ಟಿದ್ದಿ?"

"ಮುಂದೆ ಎರಡು, ಹಿಂದೆ ಎರಡು."

"ನಡುವಿಗೆ?"

ಉಮಾನಾಥ ಬಗ್ಗಿ ಕಾರಿನ ಅಡಿಗೆ ನೋಡಿದ. ನಡುವಿಗೆ ಏನೂ ಇಟ್ಟಿರಲಿಲ್ಲ. ಆಧಾರವಿಲ್ಲದೆ ಕಾರಿನ ನಡು ಬೆರಳಷ್ಟು ಜಗ್ಗಿ, ಬಾಗಿಲು ಕೂರುವ ಜಾಗ ಮೇಲ್ಗಡೆ ಕಿರಿದಾಗಿತ್ತು. ಆ ಜಗ್ಗಿದ್ದನ್ನೇ ಅವನು ಇನ್ನೆಂದೂ ಅಲುಗದ ಹಾಗೆ ಗಟ್ಟಿ ಮಾಡಿದ್ದ.

"ಬಾಗಿಲಿನ ಮೂಲೆ ಸ್ವಲ್ಪ ಉಜ್ಜಿದರೆ?" ಎಂದ ಮೆಲ್ಲಗೆ.

ಮೇಸ್ತ್ರಿ ಕಟ್ಟಿಂಗ್ ಮಿಷನ್ ತಂದು ಅವನ ಕೈಗೆ ಕೊಟ್ಟರು.

"ಕತ್ತರಿಸು."

"ಯಾವುದನ್ನು?"

"ಎಲ್ಲವನ್ನೂ."

ಉಮಾನಾಥ ದಂಗಾಗಿ ನಿಂತ. ಗುರುವಿಗೆ ತಲೆ ಕೆಟ್ಟಿದೆಯೇ ಎಂದು ಅವರ ಮುಖವನ್ನೇ ನೋಡಿದ.

"ಎಂಟು ದಿನದ ಕೆಲಸ, ಮೇಸ್ತ್ರಿಗಳೇ!"

"ಅಲ್ಲ ಮಾರಾಯ, ಎಂಟು ದಿನದ ಸೊಟ್ಟ."

ಅವನು ಕತ್ತರಿಸಿದ. ಕಿಡಿ ಹಾರಿತು, ಕಣ್ಣೀರೂ ಇಳಿಯಿತು. ಒಂದೊಂದು ಪಟ್ಟಿ ಕಳಚುವಾಗಲೂ ತನ್ನ ಚರ್ಮವನ್ನೇ ಸುಲಿದಂತಾಯಿತು. ಕೊನೆಯ ಬೆಸುಗೆ ಬಿಟ್ಟಾಗ ಮೇಸ್ತ್ರಿ ನಡುವಿಗೆ ಜ್ಯಾಕ್ ಕೊಟ್ಟು ಮೆಲ್ಲಗೆ ಎತ್ತಿದರು.

"ಈಗ ನೂಕು."

ಬಾಗಿಲು ಒಂದೇ ಬೆರಳಿಗೆ ಮುಚ್ಚಿಕೊಂಡಿತು. ಉಮಾನಾಥ ಬೆಚ್ಚಿಬಿದ್ದ.

ಈ ಸಲ ಅವನು ಬಾಗಿಲು ಮುಚ್ಚಿಟ್ಟುಕೊಂಡೇ ಬೆಸೆದ. ಕಣ್ಣು ಬೆಸುಗೆಗಿಂತ ಬಾಗಿಲಿನ ಸಂದಿನ ಮೇಲೇ ಇತ್ತು. ಬೆಸುಗೆ ಅಲ್ಲಲ್ಲಿ ಗಂಟುಗಂಟಾಯಿತು. ಆಮೇಲೆ ಮೆತ್ತನೆಯ ಸ್ಪ್ರಿಂಗ್ ಹಾಕಿದ.

ಸುಮತಿ ಟೀಚರ್ ಬಂದು ತಾವೇ ಸ್ಟಿಯರಿಂಗ್ ಹಿಡಿದರು. ಎದುರಿನ ದೊಡ್ಡ ಹೊಂಡಕ್ಕೆ ಕಾರು ಇಳಿದು ಏರಿತು. ಗಾಜು ಕೂಡ ಅಲುಗಲಿಲ್ಲ. ಅವರು ಹಿಂದಿರುಗಿ ನೋಡದೆ, ಒಂದು ಕೈ ಎತ್ತಿ ಬೀಸುತ್ತಾ ಹೊರಟೇಬಿಟ್ಟರು.

ಖಾಲಿಯಾದ ಜಾಗದ ಆಚೆ ಮೇಸ್ತ್ರಿಯ ಬಿಳಿ ಕಾರು ಕಂಡಿತು. ಹಗ್ಗ ಕಟ್ಟಿದ ಬಾಗಿಲಿನ ಮೇಲಿನ ಮೂಲೆಯಲ್ಲಿ ಬಡಿದು ಬಡಿದು ಬಣ್ಣ ಸವೆದಿತ್ತು. ಏಳು ವರ್ಷ ನೋಡಿದ್ದನ್ನು ಉಮಾನಾಥ ಅವತ್ತು ಕಂಡ.

"ಮೇಸ್ತ್ರಿಗಳೇ... ಇದೂ?"

"ಹೌದು. ಮುಂದೆ ಎರಡು ಕುದುರೆ, ಹಿಂದೆ ಎರಡು."

"ನಿಮ್ಮ ಗುರುಗಳು ಕತ್ತರಿಸು ಅನ್ನಲಿಲ್ಲವಾ?"

"ಅಂದರು."

ಮೇಸ್ತ್ರಿ ಹಗ್ಗದ ಗಂಟನ್ನು ಬಿಗಿ ಮಾಡಿದರು.

"ಬೆಸುಗೆ ಬಹಳ ಚೆಂದ ಬಂದಿತ್ತು, ಉಮಾನಾಥ. ಮನಸ್ಸು ಬರಲಿಲ್ಲ."