ಕಾಲಿಲ್ಲದ ನೀರುಗಳ್ಳ

ಪಣ ಇಷ್ಟೇ: ಗೆದ್ದರೆ ಒಂದು ಕೊಳ, ಸೋತರೆ ಕತ್ತೆಯ ಮೇಲೆ ಹಿಮ್ಮುಖ ಸವಾರಿ.

ಕೊಳ ಪಾಳೆಯಗಾರ ಕೆಂಚನಾಯಕನ ಅರಮನೆಯದು. ಬಟ್ಟೆಗೆ ಬಣ್ಣ ಹಾಕುವ ಕೇರಿಯವರು ಅದರ ನೀರು ಮುಟ್ಟಕೂಡದೆಂದು ಅವನು ಹೊಸ ಕಟ್ಟಳೆ ಮಾಡಿದ್ದ. ಜಾಲಿಸಲು ನೀರಿಲ್ಲದೆ ಕೇರಿಯ ಸೀರೆಗಳು ಉಟ್ಟವರ ಮೈಗೆಲ್ಲ ಬಣ್ಣ ಬಿಡತೊಡಗಿದವು. ಗಿರಾಕಿಗಳು ಪಕ್ಕದ ಊರಿನ ದಾರಿ ಹಿಡಿದರು.

ಕೇರಿಯ ಮಲ್ಲವ್ವ ಆಸ್ಥಾನದ ವಿದೂಷಕ ಹಂಪಯ್ಯನನ್ನು ಹಿಡಿದಳು. "ಏನಾದರೂ ಮಾಡಪ್ಪ, ಒಲೆ ಆರುವ ಹಾಗಿದೆ."

ಸಭೆಯಲ್ಲಿ ನಾಯಕ ಎಂದಿನಂತೆ ಎಳನೀರು ಕುಡಿಯುತ್ತ ಮೀಸೆ ತಿರುವಿದ. "ನನ್ನ ಅಪ್ಪಣೆಯಿಲ್ಲದೆ ಕೊಳದಿಂದ ಒಂದು ಹನಿ ಆಚೆ ಹೋಗದು!"

"ಹೋಗುತ್ತಿದೆ ಬುದ್ಧಿ," ಎಂದ ಹಂಪಯ್ಯ. "ಹಾಡುಹಗಲೇ, ಕಾವಲಿನವರ ಎದುರೇ. ಕಳ್ಳನಿಗೆ ಕೈಯಿಲ್ಲ, ಕಾಲಿಲ್ಲ, ಕೊಡವೂ ಇಲ್ಲ."

"ಹಿಡಿದು ತೋರಿಸು, ಕೊಳ ಕೇರಿಗೆ ಬಿಟ್ಟೆ. ಇಲ್ಲವೋ, ಕತ್ತೆ ಸಿದ್ಧವಾಗಿದೆ."

"ಕದ್ದ ನೀರು ಕುಡಿದವರು ಸಿಕ್ಕರೆ?"

"ಅವರಿಗೂ ಅದೇ ಕತ್ತೆ. ಎಂಥ ದೊಡ್ಡ ಮನುಷ್ಯನೇ ಆಗಲಿ!"

"ಎಲ್ಲರೂ ಕೇಳಿಸಿಕೊಂಡಿರಲ್ಲ?" ಎಂದು ಹಂಪಯ್ಯ ಸಭೆಯತ್ತ ತಿರುಗಿದ.

ಮಲ್ಲವ್ವನಿಂದ ಕೆಂಪು ಬಣ್ಣ ತರಿಸಿ ಒಂದು ಚೊಂಬು ಕೊಳದ ನೀರಿಗೆ ಬೆರೆಸಿದ. ಅದರಲ್ಲಿ ಬಿಳಿ ಸುಗಂಧರಾಜ ಹೂವಿನ ದಂಟುಗಳನ್ನು ನಿಲ್ಲಿಸಿ, ನಾಯಕನ ಖಾಸಾ ಕಾವಲುಗಾರ ಓಬಳನನ್ನೇ ಪಕ್ಕದಲ್ಲಿ ಕೂರಿಸಿದ.

ಮರುದಿನ ಸಭೆಗೆ ಹೂವು ಬಂತು. ಎಸಳಿನ ಅಂಚೆಲ್ಲ ಕೆಂಪು.

"ಯಾರೋ ಬಣ್ಣ ಬಳಿದದ್ದು, ಓಬಳ?" ನಾಯಕ ಗದರಿದ.

"ನಿಮ್ಮಾಣೆ ಬುದ್ಧಿ, ಒಂದು ನೊಣ ಕೂರುವುದಕ್ಕೂ ಬಿಟ್ಟಿಲ್ಲ. ನೀರೇ ಹತ್ತಿಕೊಂಡು ಹೋಯಿತು!"

ನಾಯಕ ದಂಟು ಮುರಿದು ನೋಡಿದ. ಒಳಗೂ ಎಳೆಎಳೆಯಾಗಿ ಕೆಂಪು.

"ಅದರೊಳಗೆ ಕೂದಲಿಗಿಂತ ಸಣ್ಣ ಕೊಳವೆಗಳಿವೆ," ಎಂದ ಹಂಪಯ್ಯ. "ಮೇಲೆ ಬಿಸಿಲಿಗೆ ಎಲೆ, ಹೂವು ಬೆವರಿದಷ್ಟೂ ಕೆಳಗಿನ ನೀರು ಎಳೆದುಕೊಳ್ಳುತ್ತವೆ. ದಂಟೇ ಇಷ್ಟು ಕದಿಯುವಾಗ, ಬೇರಿಳಿಸಿ ಕೂತವರ ಕೈಚಳಕ ಕೇಳಬೇಕೆ?"

"ಹಾಗಾದರೆ ಕಳ್ಳ?"

"ಕೊಳದ ದಂಡೆಯ ತೆಂಗಿನಮರ."

ನಾಯಕ ಹೊಟ್ಟೆ ಹಿಡಿದುಕೊಂಡು ನಕ್ಕ. "ಸರಿ, ಮರವನ್ನೇ ಕತ್ತೆ ಹತ್ತಿಸು!"

"ಮರ ಹತ್ತಲಾರದು ಬುದ್ಧಿ. ಕದ್ದ ನೀರು ಕುಡಿದವರು ಹತ್ತಬಹುದು," ಎಂದ ಹಂಪಯ್ಯ, ನಾಯಕ ಕುಡಿದಿಟ್ಟಿದ್ದ ಅದೇ ಮರದ ಎಳನೀರಿನ ಬುರುಡೆಯನ್ನೇ ನೋಡುತ್ತ.

ನಗು ಅಲ್ಲೇ ನಿಂತಿತು. ಹೊರಗೆ ಕತ್ತೆ ಒಮ್ಮೆ ಅರಚಿತು.

ನಾಯಕ ಬುರುಡೆಯನ್ನು ಮೆಲ್ಲಗೆ ಆಸನದ ಕೆಳಗೆ ತಳ್ಳಿದ. "ಕಟ್ಟಳೆ ಇವತ್ತಿನಿಂದ ರದ್ದು! ನಿನ್ನೆಗೂ ರದ್ದು! ಕಟ್ಟಳೆಯೇ ಇಲ್ಲದ ಮೇಲೆ ಕಳ್ಳತನ ಎಲ್ಲಿಂದ ಬಂತು?" ಎಂದವನು ತಾನೇ ಮತ್ತೆ ನಗತೊಡಗಿದ.

ಒಟ್ಟು ಗಳಿಕೆ: ಬಣ್ಣದ ಕೇರಿಗೆ ಕೊಳ, ಹಂಪಯ್ಯನಿಗೆ ಒಂದು ಗೊನೆ ಎಳನೀರು, ಕತ್ತೆಗೆ ಒಂದು ದಿನದ ರಜೆ.