ಎದ್ದು ಓಡಿದ ಹುರುಳಿ ಹೊಲ

ಮಕ್ಕಳೇ, ಹೊಲ ಓಡುವುದನ್ನು ನೀವು ನೋಡಿದ್ದೀರಾ? ಕರಿಹಳ್ಳದ ಕಾಡಿನವರು ನೋಡಿದ್ದಾರೆ.

ಆ ಕಾಡಿನ ಕೆರೆಯ ದಡದಲ್ಲಿ ಡುಬ್ಬಣ್ಣ ಎಂಬ ಹೆಗ್ಗಣ ಇದ್ದ. ಮಹಾ ಆಸೆಬುರುಕ. ಅವನ ಬಿಲದ ಪಕ್ಕದಲ್ಲೇ ಮುಳ್ಳವ್ವ ಎಂಬ ಮುಳ್ಳುಹಂದಿ ಗೆಣಸು ಬೆಳೆಯುತ್ತಿದ್ದಳು. ಆ ವರ್ಷ ಕೆರೆ ನೀರು ನುಗ್ಗಿ ಅರ್ಧ ಗೆಣಸು ಕೊಳೆತುಹೋಗಿತ್ತು. ಅವಳ ನಾಲ್ಕು ಮರಿಗಳಿಗೆ ಹೊಟ್ಟೆ ತುಂಬುತ್ತಿರಲಿಲ್ಲ.

ಒಂದು ದಿನ ಕಾಡಿನ ದೊರೆ ಆನೆರಾಯ ಡಂಗುರ ಹೊಡೆಸಿದ. "ಬೆಳೆ ಬೆಳೆಯುವವರಿಗೆ ಸರ್ಕಾರದ ಸಬ್ಸಿಡಿ! ಒಂದು ಗಾಡಿ ಬೆಲ್ಲ!"

ಡುಬ್ಬಣ್ಣನಿಗೆ ಗೇಣು ಹೊಲವೂ ಇರಲಿಲ್ಲ. ಕೆಸರಿನಲ್ಲಿ ಮಲಗಿದ್ದ ಎಮ್ಮೆಯ ಬಳಿಗೆ ಓಡಿದ.

"ಎಮ್ಮೆಯಕ್ಕಾ, ಎಂಟು ದಿನ ಅಲ್ಲಾಡದೆ ಮಲಗ್ತೀಯಾ? ಅರ್ಧ ಬೆಲ್ಲ ನಿನಗೆ."

"ಮಲಗೋದು ತಾನೇ? ಅದು ಬಿಟ್ಟು ನನಗೇನು ಕೆಲಸ ಇದೆ?" ಎಂದಳು ಎಮ್ಮೆ.

ಡುಬ್ಬಣ್ಣ ಅವಳ ಬೆನ್ನಿಗೆ ಕೆಸರು ಮೆತ್ತಿ ಹುರುಳಿ ಬಿತ್ತಿದ. ಎಂಟನೇ ದಿನಕ್ಕೆ ಬೆನ್ನೆಲ್ಲ ಹಸಿರು. ಮುತ್ತುಗದ ಎಲೆಯ ಮೇಲೆ ಹಲ್ಲಿನಿಂದ ಗೀಚಿ, ಹೊಲಕ್ಕೆ ಒಂದು ಪಹಣಿಯನ್ನೂ ತಯಾರಿಸಿದ.

ಪರಿಶೀಲನೆಗೆ ಬೆಳ್ಳಕ್ಕಿ ಸಾಹೇಬರು ಬಂದರು. ಪಹಣಿ ಕೈಗೆ ಸಿಕ್ಕರೆ ಅವರು ಬೇರೇನನ್ನೂ ನೋಡುತ್ತಿರಲಿಲ್ಲ.

"ಹೊಲದ ಎಲ್ಲೆ ಹೇಳು."

"ಪೂರ್ವಕ್ಕೆ ಎರಡು ಕೊಂಬು, ಪಶ್ಚಿಮಕ್ಕೆ ಒಂದು ಬಾಲ, ಸ್ವಾಮಿ."

ಸಾಹೇಬರು ಹಾಗೆಯೇ ಬರೆದುಕೊಂಡರು. ಹುರುಳಿಯ ನಡುವೆ ನಿಂತು, "ಮಣ್ಣು ಬೆಚ್ಚಗಿದೆಯಲ್ಲ? ಏರಿ ಇಳೀತಾನೂ ಇದೆ!" ಎಂದರು.

"ಉಸಿರಾಡುವ ಮಣ್ಣು, ಸ್ವಾಮಿ. ಬೇರಿಗೆ ಬಹಳ ಒಳ್ಳೆಯದು."

"ಭೇಷ್!"

ಆಮೇಲೆ ಮುಳ್ಳವ್ವನ ಹೊಲಕ್ಕೆ ಹೋದರು. "ಪಹಣಿ ಎಲ್ಲಮ್ಮಾ?"

"ಪಹಣಿ ಇಲ್ಲ, ಸ್ವಾಮಿ. ಬೆಳೆ ಇದೆ. ನೀವು ಅದರ ಮೇಲೇ ನಿಂತಿದ್ದೀರಿ."

"ಪಹಣಿ ಇಲ್ಲದಿದ್ದರೆ ನಾನು ಎಲ್ಲಿಯೂ ನಿಂತಿಲ್ಲ," ಎಂದು ಸಾಹೇಬರು ಹಾರಿಹೋದರು. ಮುಳ್ಳವ್ವ ಮರಿಗಳ ಮುಖ ನೋಡಿ ಮತ್ತೆ ಕಳೆ ಕೀಳತೊಡಗಿದಳು.

ಮರುದಿನ ಬೆಳಿಗ್ಗೆ ಬೆಲ್ಲದ ಗಾಡಿಯೊಂದಿಗೆ ಆನೆರಾಯನೇ ಬಂದ. ಬೆಳ್ಳಕ್ಕಿ ಸಾಹೇಬರು ಎಮ್ಮೆಯ ಬೆನ್ನೇರಿ ವರದಿ ಓದಿದರು. ದೊರೆಗೆ ಆನಂದವೋ ಆನಂದ.

"ಇಂಥ ಹೊಲಕ್ಕೆ ಬರೀ ಬೆಲ್ಲ ಕೊಟ್ಟರೆ ಸಾಲದು! ಇದು ನಮ್ಮ ಮಾದರಿ ಹೊಲ. ಸರ್ಕಾರದ ಖರ್ಚಿನಲ್ಲಿ ಈಗಲೇ ಆಳವಾಗಿ ಉಳುಮೆ ಮಾಡಿ!"

ಡುಬ್ಬಣ್ಣ ಓಡಿಬಂದು ಅಡ್ಡ ನಿಂತ. "ಬೇಡ ಮಹಾಪ್ರಭು, ಈ ಹೊಲಕ್ಕೆ ಉಳುಮೆ ಒಗ್ಗುವುದಿಲ್ಲ!"

ಅಷ್ಟರಲ್ಲಿ ದೊರೆಯ ಹೊಲ ಉಳುವ ಆರು ಕಾಡುಹಂದಿಗಳು ಕೋರೆ ತಗ್ಗಿಸಿ ನುಗ್ಗಿದವು. ಮೊದಲ ಕೋರೆ ತಗುಲಿದ್ದೇ ತಡ, ಹೊಲ "ಅಯ್ಯಯ್ಯೋ!" ಎಂದು ಕಿರುಚಿ ನಾಲ್ಕು ಕಾಲಿನ ಮೇಲೆ ಎದ್ದು ನಿಂತಿತು. ಬೆಲ್ಲದ ಆಸೆ ಬಿಟ್ಟು ಓಡಿತು. ಓಡುವಾಗ ಡುಬ್ಬಣ್ಣನ ಬಿಲವನ್ನೂ ತುಳಿದು ಕೆಡವಿತು.

"ಎಲ್ಲಿ ಹೊಲ?" ಎಂದು ಆನೆರಾಯ ಗುಡುಗಿದ.

"ಹಳ್ಳ ದಾಟುತ್ತಾ ಇದೆ, ಮಹಾಪ್ರಭು!" ಹುರುಳಿ ಸಸಿಗಳನ್ನು ಕಾಲಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದ ಬೆಳ್ಳಕ್ಕಿ ಸಾಹೇಬರು ದೂರದಿಂದ ಕೂಗಿದರು.

ಆನೆರಾಯನಿಗೆ ಎಲ್ಲವೂ ಅರ್ಥವಾಯಿತು. ಪಕ್ಕದ ಹೊಲದಲ್ಲಿ ಸೊಂಡಿಲು ಹಾಕಿ ಒಂದು ಗೆಣಸು ಕಿತ್ತು ತಿಂದು ನೋಡಿದ. ಸಿಹಿಯಾಗಿತ್ತು. ಗಾಡಿಯನ್ನು ಮುಳ್ಳವ್ವನ ಮನೆಯ ಮುಂದೆ ನಿಲ್ಲಿಸಿದ. ನಾಲ್ಕು ಮರಿಗಳೂ ಗಾಡಿ ಹತ್ತಿ ಕುಳಿತವು.

"ನನ್ನ ಪಾಲು?" ಎಂದ ಡುಬ್ಬಣ್ಣ, ಮೆಲ್ಲಗೆ.

"ಹೊಲ ಹಿಡಿದುಕೊಂಡು ಬಾ, ಕೊಡೋಣ," ಎಂದ ಆನೆರಾಯ.

ನೀತಿ: ದುಡಿದವರ ಪಾಲನ್ನು ಸುಳ್ಳು ಹೇಳಿ ಕಬಳಿಸಲು ಹೋದವರಿಗೆ ಇದ್ದ ನೆಲೆಯೂ ತಪ್ಪುತ್ತದೆ.