ದ್ಯಾಮಪ್ಪ ಹುಟ್ಟಿಸಿದ ಪದ

ಗ್ರಂಥಾಲಯದ ಜವಾನ ದ್ಯಾಮಪ್ಪ ರಟ್ಟು ಕತ್ತರಿಸಿ ಇಸ್ಪೀಟಿನಂಥದೊಂದು ಆಟ ಕಟ್ಟಿದ. ಒಂದೊಂದು ಎಲೆಯ ಮೇಲೂ ತಾನೇ ಹುಟ್ಟಿಸಿದ ಪದ. ಎತ್ತಿದವರು ಅರ್ಥ ಹೇಳಿ ಉಳಿದವರನ್ನು ಒಪ್ಪಿಸಬೇಕು. ಆಡಿ ನೋಡೋಣವೆಂದು ನಾಲ್ಕು ಜನ ಕೂತಾಗ, ದಿನವೂ ಓದಲು ಬರುವ ಪಂಡಿತ ವಾಮನಾಚಾರ್ಯರು ಗದರಿದರು: "ನಿಘಂಟಿನಲ್ಲಿ ಇಲ್ಲದ್ದು ಪದವೇ ಅಲ್ಲ. ಹರಿದುಹಾಕು!"

ದ್ಯಾಮಪ್ಪ ಕೈಮುಗಿದು ಒಂದು ಎಲೆ ತೋರಿಸಿದ. "ಇದು ಹಳಗನ್ನಡದ್ದು ಸ್ವಾಮಿ, 'ಗೊಮ್ಮಳಿಕೆ'. ತಮಗೆ ಗೊತ್ತೇ ಇರುತ್ತೆ."

"ಗೊತ್ತಿಲ್ಲದೆ ಏನು! ಗೊಮ್ಮಳಿಕೆ ಅಂದರೆ ಗಾಂಭೀರ್ಯ."

"ನಿನ್ನೆ ಉಪ್ಪಿಟ್ಟು ತಿನ್ನುತ್ತಾ ನಾನೇ ಹುಟ್ಟಿಸಿದ್ದು ಸ್ವಾಮಿ. ಆಟ ತಾವೇ ಗೆದ್ದಿರಿ!"

ಎಲ್ಲರೂ ಗೊಳ್ಳೆಂದು ನಕ್ಕರು. ಆಚಾರ್ಯರು ಎದ್ದು ಹೋದವರು ಮತ್ತೆ ಬರಲಿಲ್ಲ. ವಾರ ಕಳೆದ ಮೇಲೆ ದ್ಯಾಮಪ್ಪ ಅವರ ಮನೆಗೇ ಹೋಗಿ ಕರೆದ.

"'ಗೊತ್ತಿಲ್ಲ' ಅನ್ನೋದನ್ನ ನಾನು ಕಲಿಯಲೇ ಇಲ್ಲ ಕಣಯ್ಯ," ಎಂದು ಅವರು ಮೆಲ್ಲಗೆ ಕದ ಮುಚ್ಚಿಕೊಂಡರು.

ಆ ಪದ ತಾನೇ ಹುಟ್ಟಿಸಿದ್ದೆಂದು ಅವರ ಕಿವಿಯಲ್ಲಷ್ಟೇ ಹೇಳಬಹುದಿತ್ತಲ್ಲ ಎಂದು ದ್ಯಾಮಪ್ಪ ಆ ಜಗಲಿಯ ಮೇಲೆ ಬಹಳ ಹೊತ್ತು ಕೂತಿದ್ದ.